ಕಬೂತ ಬಿಟ್ಟುಕೊಟ್ಟ ಜಾಗ

ನೊನೌಸ್ ದ್ವೀಪದ ದಕ್ಷಿಣದ ತುದಿಯಿಂದ ಹಡಗು ಹತ್ತಿ ಹೋದ ಮೂವತ್ತೊಂದು ಗಂಡಸರು ಕಬೂತನಿಗೆ ಪಾಠದ ಕೂಲಿ ಕೊಡುವುದು ಇನ್ನೂ ಬಾಕಿ ಇದೆ. ಅವನು ಕೇಳಿಲ್ಲ, ಅವರು ಕೊಟ್ಟಿಲ್ಲ. ಕೊಡಲು ಹೊರಟರೂ ಯಾವ ಅಳತೆಯಲ್ಲಿ ಕೊಡುವುದೋ ಯಾರಿಗೂ ತಿಳಿಯದು. ಯಾಕೆಂದರೆ ಪಾಠ ನಡೆದದ್ದು ತೆಂಗಿನ ಮರದ ತುದಿಯಲ್ಲಿ. ಕಲಿತವರು ಬುಡದಲ್ಲಿ ನಿಂತು, ಕೂತು, ಬಲೆ ಹೊಲಿಯುತ್ತ ಕೇಳಿಸಿಕೊಂಡವರು.

ಕಬೂತ ನೀರಾ ಇಳಿಸುವವನು. ಅವನ ಅಪ್ಪನೂ ಅದೇ. ಬೆಳಿಗ್ಗೆ ಒಂದು ಸಲ, ಹೊತ್ತು ಮುಳುಗುವ ಮುಂಚೆ ಇನ್ನೊಂದು ಸಲ ಮರ ಹತ್ತಬೇಕು. ಬಿಗಿದು ಕಟ್ಟಿದ ಹೊಂಬಾಳೆಯ ತುದಿಯನ್ನು ಕೂದಲೆಳೆಯಷ್ಟು ಸವರಬೇಕು, ತುಂಬಿದ ಬಾಟಲಿ ಬಿಚ್ಚಿ ಖಾಲಿಯದನ್ನು ಕಟ್ಟಬೇಕು. ಒಂದು ಹೊತ್ತು ತಪ್ಪಿಸಿದರೆ ಹೊಂಬಾಳೆ ಮುನಿಸಿಕೊಂಡು ಒಣಗುತ್ತದೆ. ಹೆಂಡತಿ ಹೆತ್ತರೂ ಅಪ್ಪ ಸತ್ತರೂ ಮರ ಕಾಯುವುದಿಲ್ಲ. ಮರದ ಮೇಲಿರುವಷ್ಟು ಹೊತ್ತೂ ಗಂಟಲು ಬಿಟ್ಟು ಹಾಡಬೇಕು, ಅದು ಇಲ್ಲಿಯ ಕಟ್ಟಳೆ. ಕೆಳಗೆ ಬಾವಿಯ ಹತ್ತಿರ ಹೆಂಗಸರು ಸ್ನಾನ ಮಾಡುತ್ತಿರುತ್ತಾರೆ. ಮೇಲೆ ಗಂಡಸೊಬ್ಬ ಇದ್ದಾನೆ ಎಂದು ಅವರಿಗೆ ಗೊತ್ತಾಗಬೇಕು. ಹಾಡದೆ ಸುಮ್ಮನೆ ಮರದಲ್ಲಿ ಕೂತವನನ್ನು ಊರು ಕೆಳಗಿಳಿಸಿ ಚೆನ್ನಾಗಿಯೇ ವಿಚಾರಿಸಿಕೊಳ್ಳುತ್ತದೆ.

ಮರದ ತುದಿಯಿಂದ ಎರಡೂ ಕಡಲು ಕಾಣುತ್ತವೆ. ಒಂದು ಕಡೆ ಹಸಿರಾಗಿ ಮಲಗಿರುವ ಒಳಗಡಲು, ಇನ್ನೊಂದು ಕಡೆ ಹವಳದ ದಿಣ್ಣೆಗೆ ಹೊಡೆದುಕೊಳ್ಳುವ ಹೊರಗಡಲು. ನಡುವೆ ನೆಲ ಎಂಬುದು ಒಂದು ಪಟ್ಟಿ, ಒಬ್ಬ ಉಸಿರು ಕಟ್ಟಿ ಓಡಿ ದಾಟುವಷ್ಟು ಅಗಲ. ಹೊರಗಡಲಿನ ಅಂಚಿನಲ್ಲಿ ಯಾವಾಗಲೋ ಒಂದು ಹಡಗು ಹೋಗುತ್ತಿತ್ತು. ಅದು ಕಂಡರೆ ಕಬೂತನ ಹಾಡು ನಡುವಿನಲ್ಲೇ ಎಡವುತ್ತಿತ್ತು. ಕೆಳಗಿದ್ದ ಹೆಂಗಸರು, 'ಏ ಕಬೂತ, ಸತ್ತೆಯೇನೋ' ಎಂದು ಕೂಗುತ್ತಿದ್ದರು.

ಅವನಿಗೆ ಬೇಕಾದದ್ದು ಹಡಗು. ಅದು ಸಂಬಳಕ್ಕೂ ಅಲ್ಲ, ಊರಿಗೆ ಮರಳಿದವರು ಹೊತ್ತು ತರುತ್ತಿದ್ದ ಟೇಪ್ ರೆಕಾರ್ಡರಿಗೂ ಅಲ್ಲ. ಅವನಿಗೆ ಹೊಳೆ ನೋಡಬೇಕಿತ್ತು. ಹ್ಯಾಂಬರ್ಗಿಗೆ ಹೋಗಿ ಬಂದವನೊಬ್ಬ ಅವನಿಗೆ ಚಿಕ್ಕಂದಿನಲ್ಲಿ ಹೇಳಿದ್ದ, ಅಲ್ಲಿ ಸಿಹಿನೀರು ನೆಲದ ಮೇಲೆ ನಡೆದುಕೊಂಡು ಹೋಗುತ್ತದೆ, ಹಗಲೂ ಇರುಳೂ ಹೋಗುತ್ತದೆ, ಆದರೂ ಮುಗಿಯುವುದಿಲ್ಲ ಎಂದು. ನೊನೌಸಿನಲ್ಲಿ ಸಿಹಿನೀರು ಅಂದರೆ ಬಾವಿಯ ತಳದಲ್ಲಿ ಒಂದು ಗೇಣು, ಅದರಲ್ಲೂ ಅರ್ಧ ಉಪ್ಪು. ನಡೆಯುವ ನೀರನ್ನು ಒಂದು ಸಲ ನೋಡಬೇಕು, ಅದರಲ್ಲಿ ಕಾಲು ಇಳಿಬಿಟ್ಟು ಕೂರಬೇಕು. ಇಷ್ಟೇ ಆಸೆ. ಇದನ್ನು ಯಾರಿಗೆ ಹೇಳಿದರೂ ನಗುತ್ತಿದ್ದರು. ಅದಕ್ಕೇ ಅವನು ಹೇಳುವುದನ್ನು ಬಿಟ್ಟ, ಆಸೆಯನ್ನು ಬಿಡಲಿಲ್ಲ.

ಹಡಗು ಹತ್ತುವುದಕ್ಕೆ ಮುಂಚೆ ರಾಜಧಾನಿ ತರಾವದಲ್ಲಿರುವ ನಾವಿಕರ ಶಾಲೆ ಸೇರಬೇಕು. ಶಾಲೆ ಸೇರುವುದಕ್ಕೆ ಮುಂಚೆ ಇಂಗ್ಲಿಷ್ ಪರೀಕ್ಷೆ. ವರ್ಷಕ್ಕೊಮ್ಮೆ ದೋಣಿಯಲ್ಲಿ ಒಬ್ಬ ಪರೀಕ್ಷಕ ಬರುತ್ತಿದ್ದ. ಹಡಗಿನ ಮೇಲೆ ಬೋಸನ್, ಅಂದರೆ ಆಳುಗಳ ಮೇಸ್ತ್ರಿ, ಏನು ಮಾಡುತ್ತಾನೆ, ಅಡುಗೆಯವನು ಏನು ಮಾಡುತ್ತಾನೆ, ಕಾವಲಿನವನು ಏನು ಮಾಡುತ್ತಾನೆ, ಇಪ್ಪತ್ತು ವಾಕ್ಯ ಬರೆಯಿರಿ ಅನ್ನುತ್ತಿದ್ದ. ಇಪ್ಪತ್ತೂ 'ಅವನು' ವಾಕ್ಯಗಳೇ. ಅಂದರೆ ಇಪ್ಪತ್ತು ಕ್ರಿಯಾಪದಕ್ಕೂ ಕೊನೆಯಲ್ಲಿ ಎಸ್ ಎಂಬ ಬಾಲ ಬರಬೇಕು.

ಇಲ್ಲಿಯವರ ಬರಹದಲ್ಲಿ ಆ ಅಕ್ಷರವೇ ಇಲ್ಲ. ಬಾಯಲ್ಲಿ ಆ ಸದ್ದು ಧಾರಾಳವಾಗಿದೆ, ಆದರೆ ಬರೆಯುವಾಗ ಅದಕ್ಕೆ ಟಿ, ಐ ಎಂದು ಎರಡಕ್ಷರ ಹಾಕುತ್ತಾರೆ. ನೊನೌಸ್ ಎಂಬ ಹೆಸರಿನ ತುದಿಯಲ್ಲೂ ಟಿ, ಐ. ದೇಶದ ಹೆಸರು ಕಿರಿಬಾಸ್, ಅದಕ್ಕೂ ಟಿ, ಐ. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಕಬೂತ ಮೊದಲ ಸಲ ಪರೀಕ್ಷೆಗೆ ಕೂತಾಗ, ಕಿವಿ ಕೇಳಿದ್ದನ್ನು ಕೈ ತನ್ನ ಅಭ್ಯಾಸದಂತೆ ಬರೆಯಿತು. ಬೋಸನ್ ಹೋಗುತ್ತಾನೆ ಅನ್ನುವುದಕ್ಕೆ ಗೋ ಬರೆದು ಪಕ್ಕದಲ್ಲಿ ಟಿ, ಐ. ಅಡುಗೆಯವನು ತೊಳೆಯುತ್ತಾನೆ ಅನ್ನುವುದಕ್ಕೆ ವಾಷ್ ಬರೆದು ಟಿ, ಐ. ಹಾಳೆ ತುಂಬ ಟಿ, ಐ.

ಪರೀಕ್ಷಕ ತಾನೂ ಹಿಂದೆ ಬೋಸನ್ ಆಗಿದ್ದವನು, ಇದೇ ನೀರಿನ ಮನುಷ್ಯ. ಹಾಳೆ ನೋಡಿ ಅವನು ನಗಲಿಲ್ಲ. 'ನಿನ್ನ ಬೋಸನ್ ಊರು ಬಿಟ್ಟೇ ಇಲ್ಲ ಕಣಪ್ಪ,' ಅಂದ. ನಕ್ಕದ್ದು ಊರು. ಅಂದಿನಿಂದ ಒಂದು ವರ್ಷ ಕಬೂತನ ಹೆಸರು ಟಿ-ಐ ಎಂದೇ ಆಯಿತು.

ಕಬೂತ ನೇಯ್ ತೆಮಾರೆಯ ಹತ್ತಿರ ಹೋದ. ನೇಯ್ ಎಂದರೆ ಇಲ್ಲಿ ಹೆಂಗಸರ ಹೆಸರಿನ ಮುಂದೆ ಹಚ್ಚುವ ಮರ್ಯಾದೆಯ ಮಾತು. ಸನ್ಯಾಸಿನಿಯರ ಶಾಲೆಯಲ್ಲಿ ಇಂಗ್ಲಿಷ್ ಕಲಿತು ಬಂದ ವಿಧವೆ ಆಕೆ, ನಾಲಿಗೆ ಕೊಡಲಿಯ ಹಾಗೆ. ದಿನಕ್ಕೊಂದು ಬಾಟಲಿ ನೀರಾ ಕೊಟ್ಟರೆ ಕಲಿಸುತ್ತೇನೆ ಎಂದಳು.

'ನಾನು ಹೋದ್ರೆ ಬಾಲ ಇಲ್ಲ, ನೀನು ಹೋದ್ರೆ ಬಾಲ ಇಲ್ಲ. ಅವನು ಹೋದ್ರೆ ಮಾತ್ರ ಯಾಕಕ್ಕ ಬಾಲ?' ಎಂದು ಕಬೂತ ಕೇಳಿದ.

'ನಾನೂ ನೀನೂ ಇಲ್ಲೇ ಚಾಪೆ ಮೇಲೆ ಕೂತಿದ್ದೀವಲ್ಲ. ಅವನು ಇಲ್ಲಿಲ್ಲ. ಇಲ್ಲದವನಿಗೆ ಒಂದು ಜಾಸ್ತಿ ಕೊಡ್ತಾರೆ, ಬಿಳಿಯರ ಮರ್ಯಾದೆ.'

'ಅವರು ಹೋದ್ರೆ?'

'ಗುಂಪಾಗಿ ಹೋದೋರಿಗೆ ಯಾವನು ಅಳ್ತಾನೆ? ಬಾಲ ಇಲ್ಲ. ಸುಮ್ನೆ ಬರಿ.'

ಎರಡನೆಯ ವರ್ಷ ಕಬೂತ ಸೇಡಿಗೆ ಬಿದ್ದವನ ಹಾಗೆ ಕಂಡಕಂಡಲ್ಲೆಲ್ಲ ಎಸ್ ಹಾಕಿದ. ಎಸ್ ಮಾತ್ರ. ಎಲ್ಲಿ ಹಿಂದೆ ಒಂದು ಇ ಬೇಕು, ಎಲ್ಲಿ ವೈ ಬಿಸಾಡಬೇಕು ನೋಡಲಿಲ್ಲ. ಮತ್ತೆ ನಪಾಸು. ತೆಮಾರೆ ಆ ದಿನದ ಬಾಟಲಿಯನ್ನು ವಾಪಸು ತಳ್ಳಿ, 'ಮರ ಹತ್ತೋನಿಗೆ ಕೂತು ಕಲಿಯೋದು ಆಗಲ್ಲ. ಹೋಗು, ಮರದ ಮೇಲೇ ಕಲಿ,' ಎಂದಳು.

ಬೈದದ್ದೋ ದಾರಿ ತೋರಿಸಿದ್ದೋ, ಕಬೂತ ಅದನ್ನೇ ಹಿಡಿದ. ಅಪ್ಪನಿಂದ ಬಂದ ಹಾಡುಗಳಿಗೆ ಒಂದೊಂದು ರಾಗವಿತ್ತು, ರಾಗ ಇಟ್ಟುಕೊಂಡು ಮಾತು ತೆಗೆದ. ಗೋ ಅಂದರೆ ಇ, ಎಸ್. ವಾಚ್ ಅಂದರೆ ಇ, ಎಸ್. ವಾಷ್, ಫಿಕ್ಸ್, ಪಾಸ್, ಉಸಿರು ಬುಸುಗುಡುವವಕ್ಕೆಲ್ಲ ಇ, ಎಸ್. ಕ್ಯಾರಿಯ ವೈ ಕಿತ್ತು ಐ, ಇ, ಎಸ್. ಪ್ಲೇಯ ವೈ ಮುಟ್ಟಬೇಡ, ಬರೀ ಎಸ್. ಹ್ಯಾವ್ ಒಬ್ಬ ಕಳ್ಳ, ಅರ್ಧ ಮೈ ಬಿಟ್ಟು ಬರುತ್ತಾನೆ.

ಕೆಳಗಿನಿಂದ ಚಿಕ್ಕಪ್ಪನ ಮಗ ಬೌರೊ ಕೂಗಿ ಕೇಳಿದ, 'ಕ್ಯಾರಿಯ ವೈ ಕೀಳ್ತೀಯ, ಪ್ಲೇಯ ವೈ ಬಿಡ್ತೀಯ. ಯಾಕಣ್ಣ, ಅದೇನು ನಿನ್ನ ನೆಂಟನಾ?'

'ಮನೇಬದಲ್ಲಿ ಕೂತು ನೋಡೋ,' ಎಂದ ಕಬೂತ ಮೇಲಿನಿಂದ. ಮನೇಬ ಎಂದರೆ ಊರ ಹಜಾರ. ಅಲ್ಲಿ ಒಂದೊಂದು ಮನೆತನಕ್ಕೂ ಒಂದೊಂದು ಜಾಗ, ಅಜ್ಜನ ಅಜ್ಜ ಕೂತ ಕಡೆಯೇ ಮೊಮ್ಮಗ ಕೂರಬೇಕು. 'ಎ, ಇ, ಐ, ಒ, ಯು, ಇವರು ಹಿರೀ ಮನೆಯೋರು. ವೈ ಪಕ್ಕದಲ್ಲಿ ಇವರಲ್ಲೊಬ್ಬ ಕೂತಿದ್ರೆ ವೈನ ಯಾರೂ ಎಬ್ಬಿಸಲ್ಲ. ಒಂಟಿಯಾಗಿ ಕೂತಿದ್ರೆ ಎದ್ದು ಹೋಗ್ಬೇಕು, ಆ ಜಾಗಕ್ಕೆ ಐ, ಇ ಬಂದು ಕೂರ್ತಾರೆ.'

ಬಾವಿಯ ಹತ್ತಿರದ ಹೆಂಗಸೊಬ್ಬಳು, 'ಅರ್ಥವಾಗೋ ಹಂಗೆ ಪಾದ್ರೀನೂ ಹೇಳಲ್ಲ, ಇವನು ಹೇಳ್ತಾನೆ,' ಅಂದಳು.

ಒಂದು ವರ್ಷ ದೋಣಿ ಕೆಟ್ಟು ಪರೀಕ್ಷಕ ಬರಲೇ ಇಲ್ಲ. ಹಾಡು ನಿಲ್ಲಲಿಲ್ಲ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ, ತಪ್ಪದೆ ಎರಡು ವರ್ಷ. ಊರಿನ ಗಂಡಸರು ಹುಟ್ಟು ಹಾಕುವಾಗ ಅದನ್ನೇ ಗುನುಗಿದರು. ಮುದುಕಿಯರು ಬಬಾಯ್ ಗೆಡ್ಡೆ ತುರಿಯುವಾಗ ಐ-ಇ-ಎಸ್‌ಗೆ ತುರಿಮಣೆ ತಾಳ ಹಾಕಿತು. ಅರ್ಥ ಬೇಕಾದವರು ಅರ್ಥ ಎತ್ತಿಕೊಂಡರು. ಬೌರೊ ಬಲೆ ಹೊಲಿಯುವ ನೆಪದಲ್ಲಿ ಮರದ ಬುಡದಲ್ಲೇ ಕೂರುತ್ತಿದ್ದ.

ಇಪ್ಪತ್ತೈದನೆಯ ವಯಸ್ಸಿನಲ್ಲಿ ಕಬೂತ ಮೂರನೆಯ ಸಲ ಕೂತ. ಶಾಲೆ ಇಪ್ಪತ್ತೈದು ದಾಟಿದವರನ್ನು ತೆಗೆದುಕೊಳ್ಳುವುದಿಲ್ಲ, ಇದೇ ಕೊನೆಯ ಸಲ. ಇಪ್ಪತ್ತು ವಾಕ್ಯದಲ್ಲಿ ಇಪ್ಪತ್ತೂ ಸರಿ. ದ್ವೀಪದ ದಕ್ಷಿಣದ ತುದಿಗೆ ಆ ವರ್ಷ ಒಂದೇ ಜಾಗ. ಪರೀಕ್ಷಕ ಮನೇಬದಲ್ಲಿ ನಿಂತು ಓದಿದ: ಮೊದಲನೆಯವನು ಕಬೂತ, ಎರಡನೆಯವನು ಬೌರೊ. ಮೊದಲನೆಯವನು ಬಾರದಿದ್ದರೆ ಎರಡನೆಯವನು.

ಕಬೂತನ ಅವ್ವ ಮಗನಿಗೆಂದು ಕೇದಗೆ ಓಲೆಯ ಹೊಸ ಚಾಪೆ ನೇಯಲು ಕೂತಳು. ಕಬೂತ ಮರ ಹತ್ತಿದಾಗಲೆಲ್ಲ ಹೊರಗಡಲಿನ ಕಡೆಯೇ ಮುಖ ಮಾಡಿ ಕೂರುತ್ತಿದ್ದ. ಆ ಹತ್ತು ದಿನ ಅವನ ಬದುಕಿನ ಒಳ್ಳೆಯ ದಿನಗಳು. ಕೈಯಲ್ಲಿ ಕತ್ತಿ ಹಿಡಿದು, ಸವರುವುದನ್ನು ಮರೆತು, ಹೊಳೆಗೆ ಯಾವ ಕಡೆಯಿಂದ ಇಳಿಯಬೇಕು ಎಂದು ಲೆಕ್ಕ ಹಾಕುತ್ತಿದ್ದ. ಮಂಡಿಯವರೆಗೆ ಮಾತ್ರವೋ, ಪೂರ್ತಿ ಮುಳುಗುವುದೋ.

ಹನ್ನೊಂದನೆಯ ದಿನ ಮಧ್ಯಾಹ್ನ ಬೌರೊ ಬಂದ. ಯಾವತ್ತೂ ಒರಗಿಕೊಂಡು ಕೂರುವವನು ಚಾಪೆಯ ಅಂಚಿನಲ್ಲಿ ಕಾಲು ಮಡಚಿ ನೆಟ್ಟಗೆ ಕೂತ. ಅವ್ವ ನೀರಾ ಕೊಟ್ಟಳು. ಅವನು ಲೋಟ ಮುಟ್ಟಲಿಲ್ಲ. ಅಷ್ಟರಲ್ಲೇ ಅವ್ವನಿಗೆ ಗೊತ್ತಾಯಿತು, ಬೇಡಲು ಬಂದಿದ್ದಾನೆ ಎಂದು.

ಈ ದ್ವೀಪಗಳಲ್ಲಿ ಬುಬುಸಿ ಎಂದು ಒಂದಿದೆ. ಬಂಧು ಬಂದು ಎದುರಿಗೆ ಕೂತು, ಇದು ನನಗೆ ಬೇಕು, ಬೇಡುತ್ತಿದ್ದೇನೆ ಎಂದರೆ ಇಲ್ಲ ಅನ್ನುವ ಹಾಗಿಲ್ಲ. ಸೈಕಲ್ಲಾಗಲಿ, ಹಂದಿಯಾಗಲಿ, ಮೈಮೇಲಿನ ಅಂಗಿಯಾಗಲಿ. ಇಲ್ಲ ಅಂದವನ ಮುಖ ಊರು ನೋಡುವುದಿಲ್ಲ. ಕೊಟ್ಟವನು ಇನ್ನೊಂದು ದಿನ ತಾನೂ ಬೇಡಬಹುದು. ಈ ಒಂದು ಕಟ್ಟಳೆಯಿಂದ ಇಲ್ಲಿ ಯಾರೂ ಉಪವಾಸ ಸತ್ತಿಲ್ಲ, ಯಾರೂ ಉದ್ಧಾರವೂ ಆಗಿಲ್ಲ.

'ಅಣ್ಣ, ನನ್ನ ಹುಡುಗಿ ನಾಲ್ಕು ತಿಂಗಳ ಬಸುರಿ,' ಎಂದ ಬೌರೊ. 'ಅವಳ ಅಣ್ಣಂದಿರು ಎರಡು ಸಲ ಮನೆಗೆ ಬಂದು ಹೋದ್ರು. ನನಗೆ ಅಪ್ಪ ಇಲ್ಲ, ಮೂರು ಜನ ತಂಗಿಯರು. ನಿನ್ನ ಜಾಗ ಕೊಡು. ನಾನು ಬೇಡ್ತಿದ್ದೀನಿ.'

ಕಬೂತ ಸ್ವಲ್ಪ ಹೊತ್ತು ಚಾಪೆಯ ಎಳೆ ಎಣಿಸಿದ. 'ಮುಂದಿನ ವರ್ಷ ನನಗೆ ಇಪ್ಪತ್ತಾರು,' ಎಂದ.

'ಗೊತ್ತು,' ಎಂದ ಬೌರೊ.

ಗೊತ್ತಿಲ್ಲದೆ ಬೇಡಿದ್ದರೆ ಕಬೂತ ಮರೆಯುತ್ತಿದ್ದನೋ ಏನೋ. 'ತಗೋ,' ಎಂದ. ಬೌರೊ ಆಗ ಲೋಟ ಎತ್ತಿ ಒಂದೇ ಗುಟುಕಿಗೆ ಕುಡಿದ. ಅವ್ವ ನೇಯುತ್ತಿದ್ದ ಚಾಪೆಯನ್ನು ಅರ್ಧಕ್ಕೆ ಸುತ್ತಿಟ್ಟು ಎದ್ದು ಹೊರಗೆ ಹೋದಳು.

ದೋಣಿ ಬಂದ ದಿನ ನೀರು ಇಳಿದಿತ್ತು, ದೋಣಿ ದೂರದಲ್ಲೇ ನಿಂತಿತು. ಬೌರೊನ ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತು ಸೊಂಟದವರೆಗಿನ ನೀರಿನಲ್ಲಿ ನಡೆದವನು ಕಬೂತ. ಯಾರಾದರೂ ಹೊರಬೇಕಿತ್ತು, ಅವನ ತಲೆ ಗಟ್ಟಿ. ಪೆಟ್ಟಿಗೆ ಕೊಟ್ಟು ವಾಪಸು ಬಂದು, ಒದ್ದೆ ಲುಂಗಿಯಲ್ಲೇ ಸಂಜೆಯ ಮರ ಹತ್ತಿದ. ಹಾಡಬೇಕಲ್ಲ, ಹಾಡಿದ. ಹಳೆಯದನ್ನೇ, ಇ, ಎಸ್. ಬೇರೆ ಹಾಡೆಲ್ಲ ಆ ಎರಡು ವರ್ಷದಲ್ಲಿ ಮರೆತೇಹೋಗಿತ್ತು.

ಆಮೇಲಿನ ವರ್ಷಗಳನ್ನು ಹೇಳುವುದಕ್ಕೆ ಹೆಚ್ಚು ಹೊತ್ತು ಬೇಡ. ಮುಂದಿನ ಪರೀಕ್ಷೆಗೆ ಕೂರುವವರು ಕಬೂತನ ಮರದ ಬುಡಕ್ಕೆ ಬರತೊಡಗಿದರು. ಅವನು ಕರೆಯಲಿಲ್ಲ, ಓಡಿಸಲೂ ಇಲ್ಲ. ವರ್ಷಕ್ಕೆ ಒಬ್ಬರು, ಕೆಲವು ವರ್ಷ ಇಬ್ಬರು ಹೋದರು. ಹದಿನೆಂಟು ತಿಂಗಳಿಗೊಮ್ಮೆ ಬೂಟು ಹಾಕಿಕೊಂಡು ಮರಳಿದರು, ಕಬೂತನಿಗೆ ಒಂದು ಟೋಪಿಯೋ ಒಂದು ಕತ್ತಿಯೋ ತಂದುಕೊಟ್ಟರು. ಅವನ ಮನೆಯಲ್ಲಿ ಈಗಲೂ ಏಳು ಟೋಪಿಗಳಿವೆ. ತೆಮಾರೆ ಸತ್ತಳು. ಅವ್ವ ಸತ್ತಳು. ಕಬೂತ ನೇಯ್ ತೊರಿಕಾಳನ್ನು ಮದುವೆಯಾದ. ಅವಳು ಕೆಲಸದಲ್ಲಿ ಚುರುಕು, ಮಾತಿನಲ್ಲಿ ಅದಕ್ಕಿಂತ ಚುರುಕು. ಗಂಡ ಹಾಡು ನಿಲ್ಲಿಸಿದರೆ ಹಡಗು ಕಂಡಿತು ಎಂದು ಅವಳಿಗೆ ತಿಳಿಯುತ್ತಿತ್ತು. 'ಕೆಳಗಿಳೀರಿ, ಅದು ನಿಮ್ಮನ್ನು ಕರೀತಿಲ್ಲ, ಮೀನು ಹಿಡಿಯೋಕೆ ಹೋಗ್ತಿದೆ,' ಎಂದು ಕೂಗುತ್ತಿದ್ದಳು.

ಬೌರೊ ಮೊದಲ ಸಲ ರಜೆಗೆ ಬಂದಾಗ ಕಬೂತ ಒಂದೇ ಮಾತು ಕೇಳಿದ್ದ. 'ಹೊಳೆ ನೋಡಿದ್ಯಾ?'

'ನೋಡ್ದೆ. ನೀರು ಕಣಣ್ಣ. ಕಂದು ಬಣ್ಣ.'

'ರುಚಿ?'

'ಕುಡೀಲಿಲ್ಲ.'

'ಕಾಲಾದ್ರೂ ಇಟ್ಯಾ?'

'ಹಡಗಿನಿಂದ ಇಳಿದ್ರೆ ಕಾಲು ಹೋಗೋ ಜಾಗಾನೇ ಬೇರೆ,' ಎಂದು ಬೌರೊ ಕಣ್ಣು ಹೊಡೆದು ನಕ್ಕ. ಕಬೂತನೂ ನಕ್ಕ. ಆ ರಾತ್ರಿ ಊಟ ಬಿಟ್ಟ. ಹದಿನೆಂಟು ತಿಂಗಳು ಹಡಗಿನಲ್ಲಿದ್ದು, ಹೊಳೆಯ ಪಕ್ಕವೇ ನಿಂತು ಒಂದು ಬೊಗಸೆ ಕುಡಿಯಲಿಲ್ಲವಲ್ಲ, ಎಂಥ ಜಾಗ ಎಂಥವನ ಕೈಗೆ ಬಿತ್ತು ಎಂದು ತೊರಿಕಾಳ ಹತ್ತಿರ ಹೇಳಿದ. ಮತ್ತೆ ಆ ಸುದ್ದಿ ಎತ್ತಲಿಲ್ಲ.

ಇಪ್ಪತ್ತಾರು ವರ್ಷ ಹಡಗಿನಲ್ಲಿ ದುಡಿದು, ಬೋಸನ್ ಆಗಿ, ಬೌರೊ ನಿವೃತ್ತನಾಗಿ ಬಂದ. ಜೊತೆಗೆ ಹೊಚ್ಚಹೊಸ ದೋಣಿ ಮೋಟಾರು ತಂದ. ಊರು ಮನೇಬದಲ್ಲಿ ಅವನಿಗೆ ಸನ್ಮಾನ ಇಟ್ಟುಕೊಂಡಿತು. ಎರಡು ಹಂದಿ ಬಿದ್ದವು.

ಹಿಂದಿನ ದಿನದಿಂದಲೇ ತೊರಿಕಾ ಗಂಡನ ಬೆನ್ನು ಹತ್ತಿದ್ದಳು. 'ನಾಳೆ ಎಲ್ಲರೂ ಇರ್ತಾರೆ. ಎದ್ದು ಬೇಡಿ. ಅವನು ಬೇಡಿದಾಗ ನೀವು ಕೊಡಲಿಲ್ವಾ? ಮೋಟಾರು ಕೇಳಿ. ಇಲ್ಲ ಅನ್ನೋ ಹಾಗಿಲ್ಲ ಅವನು.'

ಸುದ್ದಿ ಊರಿಗೆಲ್ಲ ಹಬ್ಬಿತು. ಕಬೂತ ಮೋಟಾರು ಬೇಡುತ್ತಾನೆ ಎಂದು ಬೌರೊನ ಕಿವಿಗೂ ಬಿತ್ತು. ಅವನ ಹೆಂಡತಿ ಮೋಟಾರಿನ ಮೇಲೆ ಎರಡು ಚಾಪೆ ಹೊದಿಸಿ, ಅದರ ಮೇಲೆ ಕೂತು ಅಕ್ಕಿ ಆರಿಸಿದಳಂತೆ.

ಮಾರನೆಯ ದಿನ ಊಟವಾಗಿ, ಹಿರಿಯರು ಹೊಗಳಿ ಮುಗಿಸಿದ ಮೇಲೆ ಬೌರೊ ಎದ್ದು ಮಾತಾಡಿದ. ದೇವರನ್ನು ನೆನೆದ. ಹಡಗಿನ ಯಜಮಾನರನ್ನು, ಕಪ್ತಾನರನ್ನು, ಸತ್ತ ತೆಮಾರೆಯನ್ನು ನೆನೆದ. ತನ್ನ ಛಲವನ್ನೂ ನೆನೆದ. ಚಿಕ್ಕವರಿಗೆ ಬುದ್ಧಿ ಹೇಳಿದ, 'ನಾನು ಓದಿದೆ, ಬರೆದೆ, ಗೆದ್ದೆ. ನೀವೂ ಹಾಗೇ ಮಾಡಿ.'

ಕಬೂತ ತನ್ನ ಮನೆತನದ ಜಾಗದಿಂದ ಎದ್ದು ನಡುವಿಗೆ ಬಂದು ಕಾಲು ಮಡಚಿ ಕೂತ. ಬೌರೊನ ಹೆಂಡತಿ ಕಣ್ಣು ಮುಚ್ಚಿಕೊಂಡಳು.

'ಬೌರೊ, ನಾನು ಬೇಡ್ತೀನಿ,' ಎಂದ ಕಬೂತ. 'ನಿನಗೆ ಆ ಜಾಗ ಹೇಗೆ ಬಂತು, ಯಾರಿಂದ ಬಂತು, ಇಲ್ಲಿ ನಿಂತು ಹೇಳು. ಅಷ್ಟೇ.'

ಹಿಂದಿನಿಂದ ಯಾರೋ, 'ಅಷ್ಟೇನಾ?' ಎಂದರು. ಯಾರೋ ನಕ್ಕರು. ತೊರಿಕಾ ತಲೆಗೆ ಕೈ ಹೊತ್ತಳು.

ಬೌರೊ ನಗಲಿಲ್ಲ. ಕೊರಳಿನ ಹೂವಿನ ಮಾಲೆಯನ್ನು ಒಂದು ಸಲ ಸರಿಮಾಡಿಕೊಂಡ, ಇನ್ನೊಂದು ಸಲ ಸರಿಮಾಡಿಕೊಂಡ. ಚಿಕ್ಕವರು ಅವನ ಬಾಯನ್ನೇ ನೋಡುತ್ತಿದ್ದರು. 'ಮೋಟಾರು ತಗೊಂಡು ಹೋಗಣ್ಣ,' ಎಂದ.

'ಮೋಟಾರು ಬೇಡಲಿಲ್ಲ.'

'ಎರಡು ಡ್ರಮ್ಮು ಪೆಟ್ರೋಲೂ ಕೊಡ್ತೀನಿ.'

'ಹೇಳು.'

'ಹಳೇದಣ್ಣ ಅದು. ಯಾರಿಗೆ ಬೇಕು?'

'ನನಗೆ ಬೇಕು.'

ಒಬ್ಬ ಹಿರಿಯ ಕೆಮ್ಮಿ, ಹೇಳಪ್ಪ, ಬೇಡಿದ್ದಾನೆ ಎಂದ. ಬೌರೊ ಬಾಯಿ ತೆರೆದ. ಆ ಊರಿನಲ್ಲಿ ಯಾರೂ ಅಷ್ಟು ಹೊತ್ತು ಬಾಯಿ ತೆರೆದು ಸುಮ್ಮನೆ ನಿಂತದ್ದನ್ನು ನೋಡಿರಲಿಲ್ಲ. ಹೊತ್ತು ಇಳಿಯುತ್ತ ಬಂತು. ಹೊಂಬಾಳೆ ಕಾಯುವುದಿಲ್ಲ. ಕಬೂತ ಎದ್ದು ಕತ್ತಿ ತೆಗೆದುಕೊಂಡು ಮರದ ಕಡೆ ಹೋದ. ಅವನು ಮರದ ತುದಿ ತಲುಪಿ ಹಾಡು ಶುರು ಮಾಡಿದಾಗ ಬೌರೊ ಇನ್ನೂ ನಿಂತಿದ್ದ ಎನ್ನುತ್ತಾರೆ.

ಬೆಳಿಗ್ಗೆ ಕಬೂತನ ಅಂಗಳದಲ್ಲಿ ಮೋಟಾರು ಬಿದ್ದಿತ್ತು, ಪಕ್ಕದಲ್ಲಿ ಎರಡು ಡ್ರಮ್ಮು. ಬೌರೊ ಆ ದಿನದ ವಿಮಾನಕ್ಕೆ ತರಾವಕ್ಕೆ ಹೋದವನು ಅಲ್ಲೇ ಮನೆ ಮಾಡಿದ. ತೊರಿಕಾ ಖುಷಿಯಾದಳು. ಅವಳ ತಮ್ಮ ಆ ಮೋಟಾರಿನಲ್ಲಿ ಹೊರಗಡಲಿಗೆ ಹೋಗಿ ಟ್ಯೂನಾ ತರುತ್ತಾನೆ. ಕಬೂತ ಮೋಟಾರನ್ನು ಮುಟ್ಟುವುದಿಲ್ಲ. ಮೀನು ತಿನ್ನುತ್ತಾನೆ, ಮೀನಿನ ಮೇಲೆ ಅವನಿಗೆ ಕೋಪವಿಲ್ಲ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಮರ ಹತ್ತುತ್ತಾನೆ. ಮಂಡಿ ಕಟಕಟ ಅನ್ನುತ್ತದೆ. ಮೇಲೆ ಹೋಗಿ ಹೊರಗಡಲಿನ ಕಡೆಗೇ ಮುಖ ಮಾಡಿ ಕೂರುತ್ತಾನೆ.

ಬೌರೊನನ್ನು ಬೈದು ಮುಗಿಸಬೇಡಿ, ಅದು ಸುಲಭ. ಇದನ್ನು ಓದುತ್ತ ಕೂತಿರುವ ನಿಮ್ಮನ್ನೇ ಕೇಳುತ್ತಿರುವುದು. ನೀವು ಕೂತಿರುವ ಕುರ್ಚಿ ನಿಮಗೆ ಬರುವ ಮುಂಚೆ ಯಾರೋ ಒಬ್ಬರು ಸರಿದು ಜಾಗ ಬಿಟ್ಟಿದ್ದಾರೆ. ನಿಮ್ಮ ಫೀಸು ಕಟ್ಟಬೇಕೆಂದು ಶಾಲೆ ಬಿಟ್ಟ ಅಕ್ಕ ಇರಬಹುದು. ಒಬ್ಬರಿಗೇ ಆಗುತ್ತದೆ ಎಂದಾಗ ಮಾತಾಡದೆ ಹಿಂದೆ ಸರಿದ ತಮ್ಮನಿರಬಹುದು. ನಿಮಗೆ ಗೊತ್ತಿದ್ದೂ ತೆಗೆದುಕೊಂಡಿರಿ. ಸೀರೆ ಕಳಿಸಿದ್ದೀರಿ, ಮಿಕ್ಸಿ ಕಳಿಸಿದ್ದೀರಿ, ಅದು ಸಾಲದು. ನಾಲ್ಕು ಜನ ಕೂತ ಕಡೆ ಎದ್ದು ನಿಲ್ಲಿ. ಅವರ ಹೆಸರು ಹೇಳಿ.